ಇಮ್ಮಡಿ ವಿದ್ಯುತ್ತು: ಕೆಲವು ವಿಚಾರಗಳು

ಯಾವುದೇ ಭಾರಕ್ಕೆ ಎರಡು ಆಸರೆಗಳನ್ನು ಒದಗಿಸಿದ ಮೇಲೆ ಅದು ಇನ್ನು ಬೀಳಲಾರದೆಂದು ನೆಮ್ಮದಿಯಿಂದ ಇದ್ದುಬಿಡುವುದು ಮನುಷ್ಯನ ಸಹಜ ಸ್ವಭಾವ. ಬಾವಿಗೆ ಎರಡು ಹಗ್ಗಗಳನ್ನು ಇಳಿಬಿಟ್ಟವನು, ಒಂದು ಹರಿದರೂ ಇನ್ನೊಂದರಿಂದ ನೀರು ಸೇದಬಹುದೆಂದು ಭಾವಿಸುತ್ತಾನೆ. ಆದರೆ ಆ ಎರಡು ಹಗ್ಗಗಳೂ ಒಂದೇ ತೊಲೆಗೆ ಕಟ್ಟಿದ ರಾಟೆಗಳ ಮೇಲೆ ಹಾಯ್ದಿದ್ದರೆ, ತೊಲೆ ಮುರಿದ ದಿನ ಎರಡೂ ಒಟ್ಟಿಗೆ ಬಾವಿಯ ಪಾಲಾಗುತ್ತವೆ. ಹಗ್ಗಗಳ ಸಂಖ್ಯೆಯನ್ನು ಎಣಿಸಿದವನು ತೊಲೆಯನ್ನು ನೋಡಲು ಮರೆತಿದ್ದಾನೆ. ಸರ್ವರ್ ಹಾಗೂ ನೆಟ್‌ವರ್ಕ್ ಉಪಕರಣಗಳನ್ನು ಜೋಡಿಸಿಟ್ಟ ರ‍್ಯಾಕುಗಳಿಗೆ ಇಮ್ಮಡಿ ವಿದ್ಯುತ್ತನ್ನು ಒದಗಿಸುವ ಕಾರ್ಯದಲ್ಲಿ ಇಂದು ನಡೆಯುತ್ತಿರುವ ತಪ್ಪುಗಳಲ್ಲಿ ಬಹುಪಾಲು ಈ ಬಗೆಯವೇ ಆಗಿವೆ.

ವಿಷಯವು ಕೇವಲ ಎಂಜಿನಿಯರುಗಳಿಗೆ ಸೇರಿದ್ದೆಂದು ತಳ್ಳಿಹಾಕುವಂತಿಲ್ಲ. ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಮುದುಕಿಗೂ, ಪಹಣಿಗಾಗಿ ನಾಡಕಚೇರಿಗೆ ಬಂದ ರೈತನಿಗೂ, ಪರೀಕ್ಷಾ ಶುಲ್ಕವನ್ನು ಕಟ್ಟಲು ಬಂದ ವಿದ್ಯಾರ್ಥಿಗೂ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಚಿರಪರಿಚಿತವಾಗಿದೆ. ಅಂಥ ಅಡಚಣೆಗೆ ಕಾರಣಗಳು ಹಲವು. ಅವುಗಳಲ್ಲಿ ವಿದ್ಯುತ್ತಿನ ವ್ಯತ್ಯಯವೂ ಒಂದು. ಕಾಗದದ ಕಡತವು ದೀಪ ಆರಿದರೂ ಕಪಾಟಿನಲ್ಲಿಯೇ ಇರುತ್ತಿತ್ತು; ಮೇಣದಬತ್ತಿಯ ಬೆಳಕಿನಲ್ಲಿ ಅದನ್ನು ಓದಬಹುದಾಗಿತ್ತು. ಇಂದಿನ ಕಡತಕ್ಕೆ ವಿದ್ಯುತ್ತೇ ಉಸಿರು. ಆ ಉಸಿರು ನಿಂತ ಕ್ಷಣದಲ್ಲಿ ಕಡತವೂ ಇಲ್ಲ, ಕಚೇರಿಯೂ ಇಲ್ಲ.

ಉತ್ತಮ ವ್ಯವಸ್ಥೆಯ ಸ್ವರೂಪವನ್ನು ಮೊದಲು ಸ್ಥೂಲವಾಗಿ ತಿಳಿಯುವುದು ಲೇಸು. ಸರ್ವರ್ ಯಂತ್ರಗಳಲ್ಲಿಯೂ ದೊಡ್ಡ ನೆಟ್‌ವರ್ಕ್ ಸ್ವಿಚ್ಚುಗಳಲ್ಲಿಯೂ ಸಾಮಾನ್ಯವಾಗಿ ಎರಡು ಪವರ್ ಸಪ್ಲೈ ಘಟಕಗಳಿರುತ್ತವೆ. ಪ್ರತಿಯೊಂದಕ್ಕೂ ಅದರದೇ ಆದ ವಯರು. ಒಂದು ವಯರು ರ‍್ಯಾಕಿನ ಒಂದು ಪಕ್ಕದ ಪ್ಲಗ್ ಪಟ್ಟಿಗೆ, ಇನ್ನೊಂದು ಎದುರು ಪಕ್ಕದ ಪಟ್ಟಿಗೆ ಹೋಗುತ್ತದೆ. ಇವುಗಳನ್ನು 'ಎ' ಮಾರ್ಗ, 'ಬಿ' ಮಾರ್ಗ ಎಂದು ಕರೆಯುವುದು ವಾಡಿಕೆ. 'ಎ' ಪಟ್ಟಿಯ ಹಿಂದೆ ಒಂದು ಯು.ಪಿ.ಎಸ್., ಅದರ ಹಿಂದೆ ಒಂದು ವಿತರಣಾ ಫಲಕ, ಅದರ ಹಿಂದೆ ಟ್ರಾನ್ಸ್‌ಫಾರ್ಮರ್. 'ಬಿ' ಪಟ್ಟಿಯ ಹಿಂದೆಯೂ ಇಂಥದೇ ಮತ್ತೊಂದು ಸರಣಿ. ಹೊರಗಿನ ವಿದ್ಯುತ್ತು ಹೋದಾಗ ಯು.ಪಿ.ಎಸ್.ನ ಬ್ಯಾಟರಿಗಳು ಕೆಲವು ನಿಮಿಷಗಳ ಕಾಲ ಭಾರವನ್ನು ಹೊರುತ್ತವೆ. ಅಷ್ಟರಲ್ಲಿ ಡೀಸೆಲ್ ಜನರೇಟರ್ ಎಚ್ಚೆತ್ತು ಹೊಣೆಯನ್ನು ವಹಿಸಿಕೊಳ್ಳಬೇಕು. ಜನರೇಟರಿಗೆ ಬೇಕಾದದ್ದು ಕೆಲವು ಸೆಕೆಂಡುಗಳಷ್ಟೇ. ಉಳಿದ ನಿಮಿಷಗಳು ಆಪತ್ಕಾಲದ ಅವಕಾಶ. ಇಷ್ಟು ಸರಳವಾದ ಏರ್ಪಾಡು ಎಲ್ಲಿ, ಏಕೆ ಮುರಿದುಬೀಳುತ್ತದೆಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಎರಡು ಮಾರ್ಗಗಳ ಮಹಿಮೆಯೆಲ್ಲವೂ ಒಂದು ಗಣಿತದ ಮೇಲೆ ನಿಂತಿದೆ. ವರ್ಷಕ್ಕೆ 8,760 ಗಂಟೆಗಳು. ಒಂದು ಮಾರ್ಗವು ನೂರು ಗಂಟೆಗಳಿಗೆ ಒಂದು ಗಂಟೆ ಕೈಕೊಡುವುದೆಂದು ಇಟ್ಟುಕೊಂಡರೆ, ವರ್ಷಕ್ಕೆ ಸುಮಾರು 88 ಗಂಟೆಗಳ ಕತ್ತಲು. ಅಂಥವೇ ಎರಡು ಮಾರ್ಗಗಳಿದ್ದು, ಒಂದರ ಕೆಡುಕಿಗೂ ಇನ್ನೊಂದರ ಕೆಡುಕಿಗೂ ಯಾವ ಸಂಬಂಧವೂ ಇಲ್ಲದಿದ್ದರೆ, ಎರಡೂ ಒಂದೇ ಹೊತ್ತಿನಲ್ಲಿ ಕೆಡುವ ಸಂಭವ ಹತ್ತು ಸಾವಿರ ಗಂಟೆಗಳಿಗೆ ಒಂದು ಗಂಟೆ. ಎಂದರೆ ವರ್ಷಕ್ಕೆ ಒಂದು ಗಂಟೆಗೂ ಕಡಿಮೆ. ಈ ಚಮತ್ಕಾರದ ಜೀವವೆಲ್ಲ "ಯಾವ ಸಂಬಂಧವೂ ಇಲ್ಲದಿದ್ದರೆ" ಎಂಬ ಮಾತಿನಲ್ಲಿದೆ. ಎರಡೂ ಮಾರ್ಗಗಳು ಎಲ್ಲಿಯೋ ಒಂದು ಕಡೆ ಒಂದೇ ತೊಲೆಗೆ ತೂಗಿದ್ದರೆ ಗುಣಾಕಾರವು ಸುಳ್ಳಾಗುತ್ತದೆ, ಹಣ ಮಾತ್ರ ಇಮ್ಮಡಿಯಾಗಿ ವ್ಯಯವಾಗಿರುತ್ತದೆ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ 2017ರ ನವೆಂಬರ್ 9ರಂದು ನಡೆದ ಘಟನೆ ಇದಕ್ಕೆ ನಿದರ್ಶನ. ಅಲ್ಲಿನ ಓ.ವಿ.ಎಚ್. ಎಂಬ ಪ್ರಸಿದ್ಧ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ 20 ಕಿಲೋವೋಲ್ಟಿನ ಎರಡು ಕೇಬಲುಗಳು ವಿದ್ಯುತ್ತನ್ನು ತರುತ್ತಿದ್ದವು. ಆದರೆ ಅವೆರಡೂ ಒಂದೇ ಮೂಲಕ್ಕೆ, ಒಂದೇ ಸರ್ಕಿಟ್ ಬ್ರೇಕರಿಗೆ ಜೋಡಣೆಯಾಗಿದ್ದವು. ಒಂದು ಕೇಬಲಿಗೆ ಪೆಟ್ಟಾಯಿತು. ಬ್ರೇಕರ್ ತನ್ನ ಧರ್ಮಕ್ಕೆ ಅನುಸಾರವಾಗಿ ಬಿದ್ದಿತು. ಆರೋಗ್ಯವಾಗಿದ್ದ ಎರಡನೆಯ ಕೇಬಲೂ ಅದರೊಡನೆ ನಿಷ್ಪ್ರಯೋಜಕವಾಯಿತು. ಬ್ಯಾಟರಿಗಳು ಕೆಲವು ನಿಮಿಷ ತಡೆದವು. ಜನರೇಟರುಗಳಿದ್ದವು, ಇಂಧನವೂ ಇತ್ತು. ಆದರೆ ಅವುಗಳಿಗೆ ಆಜ್ಞೆ ಕೊಡಬೇಕಾಗಿದ್ದ ಸ್ವಯಂಚಾಲಿತ ಬದಲಾವಣೆಯ ವ್ಯವಸ್ಥೆ ಕೆಲಸ ಮಾಡಲಿಲ್ಲ. ಈ ಸಂಸ್ಥೆ ಅಜಾಗರೂಕತೆಯಿಂದ ಕೈಕಟ್ಟಿ ಕುಳಿತದ್ದೆಂದು ಹೇಳುವಂತಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಎಂಟು ಗಂಟೆಗಳ ಕಾಲ ಇಡೀ ಕೇಂದ್ರವನ್ನು ಜನರೇಟರುಗಳ ಮೇಲೆಯೇ ನಡೆಸಿ ಪರೀಕ್ಷಿಸಿತ್ತೆಂದು ಅದು ಪ್ರಕಟಿಸಿದೆ. ಎಂಜಿನ್ನುಗಳ ಪರೀಕ್ಷೆಯಾಗಿತ್ತು, ಆದರೆ ನಿಜವಾದ ಆಘಾತ ಬಂದ ಹೊತ್ತಿಗೆ ಎಂಜಿನ್ನನ್ನು ಎಬ್ಬಿಸಬೇಕಾದ ಕೈಯೇ ಮರಗಟ್ಟಿತ್ತು. ಪರೀಕ್ಷೆಯೆಂಬುದು ಯಂತ್ರವೊಂದಕ್ಕಲ್ಲ, ಸರಣಿಯ ಪ್ರತಿಯೊಂದು ಕೊಂಡಿಗೂ ಸಲ್ಲಬೇಕೆಂಬ ಪಾಠ ಇಲ್ಲಿದೆ.

ನ್ಯೂಯಾರ್ಕ್ ನಗರದ ಉದಾಹರಣೆ ಮತ್ತೊಂದು ಬಗೆಯದು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತವು ಅಪ್ಪಳಿಸಿದಾಗ ಸಮುದ್ರದ ನೀರು ಮ್ಯಾನ್‌ಹಟನ್ನಿನ ದಕ್ಷಿಣ ಭಾಗದ ಕಟ್ಟಡಗಳ ನೆಲಮಾಳಿಗೆಗಳಿಗೆ ನುಗ್ಗಿತು. ಬ್ರಾಡ್ ಸ್ಟ್ರೀಟಿನ 75ನೆಯ ಸಂಖ್ಯೆಯ ಕಟ್ಟಡದಲ್ಲಿ ದತ್ತಾಂಶ ಕೇಂದ್ರದ ಜನರೇಟರನ್ನು ವಿವೇಕದಿಂದಲೇ ಎತ್ತರದ ಮಹಡಿಯಲ್ಲಿ ಇಡಲಾಗಿತ್ತು. ಆದರೆ ಅದಕ್ಕೆ ಎಣ್ಣೆಯನ್ನು ಮೇಲೇರಿಸುವ ಪಂಪು ಕೆಳಗಿನ ನೆಲಮಾಳಿಗೆಯಲ್ಲಿತ್ತು. ಪಂಪು ಮುಳುಗಿತು. ಅಲ್ಲಿನ ಸಿಬ್ಬಂದಿಯೂ ಗ್ರಾಹಕ ಸಂಸ್ಥೆಗಳ ನೌಕರರೂ ಸೇರಿ ಬಕೆಟ್ಟುಗಳಲ್ಲಿ ಡೀಸೆಲ್ ತುಂಬಿ, ಕತ್ತಲ ಮೆಟ್ಟಿಲುಗಳ ಮೇಲೆ ಹದಿನೇಳನೆಯ ಮಹಡಿಯವರೆಗೆ ಹೊತ್ತು ಯಂತ್ರವನ್ನು ನಡೆಸಿದರು. ಅವರ ಶ್ರಮ ಪ್ರಶಂಸನೀಯವಾದುದು. ಆದರೂ, ಯೋಜನೆಯ ನಕ್ಷೆಯಲ್ಲಿ ಎಣ್ಣೆಯ ದಾರಿಯನ್ನು ವಿದ್ಯುತ್ತಿನ ದಾರಿಯಷ್ಟೇ ಎಚ್ಚರದಿಂದ ಗುರುತಿಸಿದ್ದರೆ ಆ ಬಕೆಟ್ಟುಗಳ ಅಗತ್ಯ ಬೀಳುತ್ತಿರಲಿಲ್ಲ. ಕರ್ನಾಟಕದವರಿಗೆ ಇದು ದೂರದ ಕಥೆಯಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ನೆಲಮಾಳಿಗೆಗಳು ಕೆರೆಗಳಾದದ್ದನ್ನು ಎಲ್ಲರೂ ಕಂಡಿದ್ದಾರೆ.

ಪ್ರತ್ಯೇಕತೆಯ ಮಹತ್ತ್ವಕ್ಕೆ ಭಾರತದ ವಿದ್ಯುತ್ ಜಾಲವೇ ಸಾಕ್ಷ್ಯವನ್ನು ಒದಗಿಸುತ್ತದೆ. 2012ರ ಜುಲೈ 30ರಂದು ಉತ್ತರ ಭಾರತದ ಜಾಲವು ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಒಟ್ಟಿಗೆ ಕುಸಿದು ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವು ಕತ್ತಲಲ್ಲಿ ಮುಳುಗಿತು. ದಕ್ಷಿಣದ ರಾಜ್ಯಗಳಲ್ಲಿ ದೀಪಗಳು ಉರಿಯುತ್ತಲೇ ಇದ್ದವು. ಆಗ ದಕ್ಷಿಣದ ಜಾಲವು ಉಳಿದ ಜಾಲಗಳೊಡನೆ ಒಂದೇ ತಾಳಕ್ಕೆ ಕೂಡಿರಲಿಲ್ಲ. ತಾಲ್ಚೇರ್–ಕೋಲಾರ ಮಾರ್ಗದಂಥ ಡಿ.ಸಿ. ಕೊಂಡಿಗಳ ಮೂಲಕ ಮಾತ್ರ ಕೊಡುಕೊಳ್ಳುವಿಕೆಯನ್ನು ನಡೆಸುತ್ತಿತ್ತು. ಆದುದರಿಂದ ಒಂದರ ನಡುಕ ಇನ್ನೊಂದಕ್ಕೆ ದಾಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದಿಂದ ದಕ್ಷಿಣವೂ ರಾಷ್ಟ್ರೀಯ ಜಾಲದಲ್ಲಿ ಸೇರಿತು. ಇದರಿಂದ ವಿದ್ಯುತ್ ಕೊರತೆಯಿದ್ದ ಕಡೆಗೆ ಹೆಚ್ಚುವರಿಯಿದ್ದ ಕಡೆಯಿಂದ ಹರಿವು ಸುಗಮವಾಯಿತೆಂಬುದು ನಿಜ, ಕೂಡುವುದರಲ್ಲಿಯೂ ಬಲವಿದೆ. ಆದರೆ ಸರ್ವರ್ ಕೋಣೆಯ ಯೋಜಕನು ಇದರಿಂದ ಅರಿಯಬೇಕಾದುದು ಇಷ್ಟು: ಬೇರೆ ಬೇರೆ ಉಪಕೇಂದ್ರಗಳಿಂದ ಎರಡು ಫೀಡರುಗಳನ್ನು ಎಳೆದು ತಂದರೂ, ಅವೆರಡರ ಬೇರು ಇಂದು ಒಂದೇ ಜಾಲದಲ್ಲಿದೆ. ನಿಜಾರ್ಥದಲ್ಲಿ ಎರಡನೆಯ ಮೂಲವೆಂದರೆ ತನ್ನ ಅಂಗಳದಲ್ಲಿಯೇ ಇರುವ ಬ್ಯಾಟರಿ ಮತ್ತು ಜನರೇಟರ್.

ಪ್ರತ್ಯೇಕತೆ ಮೊದಲ ನಿಯಮವಾದರೆ, ಸಾಮರ್ಥ್ಯ ಎರಡನೆಯದು. ಬಂಡಿಗೆ ಹೂಡಿದ ಜೋಡೆತ್ತುಗಳು ಭಾರವನ್ನು ಸಮನಾಗಿ ಹಂಚಿಕೊಂಡು ಎಳೆಯುತ್ತವೆ. ಅವುಗಳಲ್ಲಿ ಒಂದು ಕುಸಿದು ಬಿದ್ದರೆ ಇನ್ನೊಂದು ಅಷ್ಟು ಭಾರವನ್ನೂ ತಾನೇ ಎಳೆಯಲಾರದು. ಇಮ್ಮಡಿ ವಿದ್ಯುತ್ತಿನ ಎರಡು ಮಾರ್ಗಗಳು ಈ ಬಗೆಯ ಜೋಡೆತ್ತುಗಳಾಗಕೂಡದು. ಪ್ರತಿಯೊಂದೂ ಒಂಟಿಯಾಗಿ ಇಡೀ ಬಂಡಿಯನ್ನು ಎಳೆಯಬಲ್ಲುದಾಗಿರಬೇಕು.

ಈ ನಿಯಮವು ಮುರಿಯುವ ಬಗೆ ಸೂಕ್ಷ್ಮವಾದುದು. ಒಂದು ರ‍್ಯಾಕಿಗೆ 230 ವೋಲ್ಟಿನ, 16 ಆಂಪ್ಸಿನ ಎರಡು ಮಾರ್ಗಗಳಿವೆ ಎಂದು ಭಾವಿಸೋಣ. ಪ್ರತಿಯೊಂದರ ಮಾಪಕವೂ 12 ಆಂಪ್ಸ್ ತೋರಿಸುತ್ತಿದೆ. ನೋಡಿದವರಿಗೆ ಎಲ್ಲವೂ ಕ್ಷೇಮ. ಇನ್ನೂ ನಾಲ್ಕು ಆಂಪ್ಸುಗಳ ಅವಕಾಶವಿದೆಯೆಂದು ಹೊಸ ಯಂತ್ರವೊಂದನ್ನು ಸೇರಿಸಲು ಮನಸ್ಸಾಗುವುದೂ ಉಂಟು. ಆದರೆ ರ‍್ಯಾಕಿನ ಒಟ್ಟು ಭಾರ 24 ಆಂಪ್ಸ್, ಎಂದರೆ ಸುಮಾರು ಐದೂವರೆ ಕಿಲೋವ್ಯಾಟ್. 'ಎ' ಮಾರ್ಗವು ನಿಂತ ಕ್ಷಣದಲ್ಲಿ ಈ 24 ಆಂಪ್ಸುಗಳೂ 'ಬಿ' ಮಾರ್ಗದ ಹೆಗಲಿಗೆ ಬೀಳುತ್ತವೆ. ಅದರ ಎಂ.ಸಿ.ಬಿ. ಸ್ವಲ್ಪ ಹೊತ್ತು ತಾಳಿ, ಬಿಸಿಯೇರಿ, ಬೀಳುತ್ತದೆ. ಎರಡು ಮಾರ್ಗಗಳಿದ್ದೂ ರ‍್ಯಾಕ್ ಕತ್ತಲಾಗುತ್ತದೆ. ಬ್ರೇಕರಿನ ಸಾಮರ್ಥ್ಯದ ನೂರಕ್ಕೆ ಎಂಬತ್ತರಷ್ಟನ್ನು ಮಾತ್ರ ನಿರಂತರ ಭಾರಕ್ಕೆ ಬಳಸುವುದು ಒಳ್ಳೆಯ ಪದ್ಧತಿ. ಆ ಲೆಕ್ಕದಂತೆ ಎರಡೂ ಮಾರ್ಗಗಳು ಸೇರಿ ಹೊರಬಹುದಾದದ್ದು 12.8 ಆಂಪ್ಸ್; ಎರಡೂ ನಡೆಯುತ್ತಿರುವಾಗ ಒಂದೊಂದು ಮಾಪಕವೂ 6.4ನ್ನು ಮೀರಕೂಡದು. ಅರ್ಧದಷ್ಟು ಶಕ್ತಿ ಸದಾ ಬಿಡುವಾಗಿಯೇ ಇರಬೇಕೆಂಬುದು ಲೆಕ್ಕಪತ್ರವನ್ನು ನೋಡುವವರ ಕಣ್ಣಿಗೆ ದುಂದುವೆಚ್ಚವಾಗಿ ತೋರುತ್ತದೆ. ಆದರೆ ಆ ಬಿಡುವೇ ಕೊಂಡುಕೊಂಡ ವಸ್ತು. ಅದನ್ನು ತುಂಬಿಸಿದ ದಿನವೇ ಎರಡನೆಯ ಮಾರ್ಗವನ್ನು ಮಾರಿದಂತಾಯಿತು. ಯು.ಪಿ.ಎಸ್., ಜನರೇಟರುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಮೂರನೆಯ ನಿಯಮವು ಅತ್ಯಂತ ಸಾಮಾನ್ಯವಾಗಿ ಕಾಣುವಂಥದು. ಅದರಿಂದಲೇ ಅತ್ಯಂತ ಹೆಚ್ಚಾಗಿ ಅಲಕ್ಷಿತವಾದುದು. ಕೊನೆಯ ಪ್ಲಗ್ಗು ಸರಿಯಾದ ತೂತಿನಲ್ಲಿರಬೇಕು. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆಯ ಅಟ್ಲಾಂಟ ಕೇಂದ್ರದಲ್ಲಿ 2016ರ ಆಗಸ್ಟ್ 8ರ ನಸುಕಿನಲ್ಲಿ ವಿದ್ಯುತ್ ನಿಯಂತ್ರಣದ ಘಟಕವೊಂದು ಕೆಟ್ಟಿತು. ವಿದ್ಯುತ್ತು ಬೇಗನೆ ಮರಳಿಬಂದಿತು. ಆದರೆ ಕೇಂದ್ರದಲ್ಲಿದ್ದ ಸುಮಾರು 7,000 ಉಪಕರಣಗಳಲ್ಲಿ 300ರಷ್ಟು ಬದಲಿ ವಿದ್ಯುತ್ತಿನ ಆಸರೆಯನ್ನು ಪಡೆಯುವಂತೆ ಜೋಡಣೆಯಾಗಿರಲಿಲ್ಲವೆಂದು ಸಂಸ್ಥೆಯ ಅಧಿಕಾರಿಗಳೇ ತಿಳಿಸಿದರು. ಆ 300 ನಿಂತಾಗ, ಅವುಗಳನ್ನು ನಂಬಿದ್ದ ಉಳಿದವೂ ದಿಕ್ಕುಗೆಟ್ಟವು. ಮೂರು ದಿನಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿಮಾನಯಾನಗಳು ರದ್ದಾದವು. ಸಂಸ್ಥೆಗೆ ಆದ ನಷ್ಟ ಸುಮಾರು 15 ಕೋಟಿ ಡಾಲರು. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಅಂಕಗಳನ್ನು ಪಡೆದ ವ್ಯವಸ್ಥೆ ಅದು. ಶಾಲೆಯ ಪರೀಕ್ಷೆಯಲ್ಲಿ ಅಷ್ಟು ಅಂಕಗಳಿಗೆ ಬಹುಮಾನ ದೊರೆಯುತ್ತದೆ. ಇಂಥ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಾರದಿದ್ದರೆ ತೇರ್ಗಡೆಯಿಲ್ಲ.

ಸಣ್ಣ ಸಂಸ್ಥೆಗಳ ಕೋಣೆಗಳಲ್ಲಿಯೂ ಇದೇ ಲೋಪ ಬೇರೆ ರೂಪದಲ್ಲಿ ಕಾಣಸಿಗುತ್ತದೆ. ಸರ್ವರಿನ ಎರಡೂ ವಯರುಗಳು ಒಂದೇ ಪಟ್ಟಿಯಲ್ಲಿ ಸಿಕ್ಕಿಕೊಂಡಿರುತ್ತವೆ, ಏಕೆಂದರೆ ಆ ಪಟ್ಟಿ ಕೈಗೆ ಹತ್ತಿರವಾಗಿತ್ತು. ಸರ್ವರಿಗೆ ಎರಡು ಯು.ಪಿ.ಎಸ್.ಗಳ ಆಸರೆಯಿರುತ್ತದೆ, ಆದರೆ ಹೊರಲೋಕದಿಂದ ಇಂಟರ್ನೆಟ್ಟನ್ನು ತರುವ ಅಂಗೈಯಗಲದ ಪೆಟ್ಟಿಗೆ ಗೋಡೆಯ ಸಾಮಾನ್ಯ ಪ್ಲಗ್ಗಿನಲ್ಲಿರುತ್ತದೆ. ವಿದ್ಯುತ್ತು ಹೋದಾಗ ಸರ್ವರ್ ಉರಿಯುತ್ತಲೇ ಇರುತ್ತದೆ, ಅದರ ಬಳಿಗೆ ಯಾರೂ ಹೋಗಲಾರರು. ಒಂದೇ ವಯರುಳ್ಳ ಇಂಥ ಉಪಕರಣಗಳಿಗಾಗಿಯೇ ಎರಡು ಮಾರ್ಗಗಳಲ್ಲಿ ಜೀವಂತವಾಗಿರುವುದನ್ನು ತಾನೇ ಆರಿಸಿಕೊಳ್ಳುವ ಸಣ್ಣ ಬದಲಾವಣಾ ಸ್ವಿಚ್ಚುಗಳು ದೊರೆಯುತ್ತವೆ. 'ಎ' ಮಾರ್ಗದ ವಯರುಗಳಿಗೆ ಒಂದು ಬಣ್ಣ, 'ಬಿ' ಮಾರ್ಗದವಕ್ಕೆ ಮತ್ತೊಂದು ಬಣ್ಣವನ್ನು ಗೊತ್ತುಪಡಿಸಿದರೆ ತಪ್ಪು ಜೋಡಣೆಯು ಬಾಗಿಲು ತೆರೆದೊಡನೆ ಕಣ್ಣಿಗೆ ಬೀಳುತ್ತದೆ. ಖರ್ಚು ಅತ್ಯಲ್ಪ, ಪ್ರಯೋಜನ ಅಪಾರ.

ಯಂತ್ರದ ದೋಷಕ್ಕಿಂತ ಮನುಷ್ಯನ ಕೈ ಅನೇಕ ವೇಳೆ ಹೆಚ್ಚು ಅಪಾಯಕಾರಿ. 2017ರ ಮೇ 27ರಂದು ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ದತ್ತಾಂಶ ಕೇಂದ್ರದಲ್ಲಿ ವಿದ್ಯುತ್ತು ಕಡಿತಗೊಂಡು ಸುಮಾರು 75,000 ಪ್ರಯಾಣಿಕರು ತೊಂದರೆಗೊಳಗಾದರು. ಕೆಲಸಗಾರನೊಬ್ಬನು ವಿದ್ಯುತ್ ಸಂಪರ್ಕವನ್ನು ಕಡಿದದ್ದಕ್ಕಿಂತಲೂ, ಅದನ್ನು ಕ್ರಮವಿಲ್ಲದೆ ಮತ್ತೆ ಕೊಟ್ಟದ್ದರಿಂದ ಉಂಟಾದ ಆಘಾತವೇ ಉಪಕರಣಗಳಿಗೆ ಹೆಚ್ಚಿನ ಹಾನಿಯನ್ನು ಮಾಡಿತೆಂದು ಮಾತೃಸಂಸ್ಥೆಯ ಮುಖ್ಯಸ್ಥರು ಹೇಳಿದರು. ಆರುವುದಕ್ಕೆ ಯೋಜನೆಯಿದ್ದಂತೆ ಹೊತ್ತುವುದಕ್ಕೂ ಯೋಜನೆ ಬೇಕು. ಯಾವುದನ್ನು ಮೊದಲು, ಯಾವುದನ್ನು ಅನಂತರ, ಎಷ್ಟು ಹೊತ್ತಿನ ಅಂತರದಲ್ಲಿ ಚಾಲೂ ಮಾಡಬೇಕೆಂಬುದನ್ನು ಬರೆದು ರ‍್ಯಾಕಿನ ಬಾಗಿಲಿಗೇ ಅಂಟಿಸಿರಬೇಕು. ಅವಸರದ ಗಳಿಗೆಯಲ್ಲಿ ನೆನಪನ್ನು ನಂಬುವಂತಿಲ್ಲ.

ಇನ್ನು ಬ್ಯಾಟರಿಗಳ ವಿಚಾರ. ಮುಚ್ಚಿದ ಸೀಸ-ಆಮ್ಲದ ಬ್ಯಾಟರಿಗಳ ಆಯುಸ್ಸನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಅನುಗುಣವಾಗಿ ಹೇಳಿರುತ್ತಾರೆ. ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಎಲ್ಲರೂ ಒಪ್ಪಿದ ಸ್ಥೂಲ ನಿಯಮ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಗಾಳಿಯಾಡದ ಮೆಟ್ಟಿಲಡಿಯ ಕೋಣೆಯಲ್ಲಿ ಕೂಡಿಹಾಕಿದ ಬ್ಯಾಟರಿ ಎಷ್ಟು ವರ್ಷ ಬದುಕೀತೆಂದು ಬೇರೆ ಹೇಳಬೇಕಾಗಿಲ್ಲ. ಸಾಲಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ಒಂದು ಒಡಕಾದರೆ ಇಡೀ ಸಾಲು ವ್ಯರ್ಥ. ಅಷ್ಟೇ ಅಲ್ಲ, ಬ್ಯಾಟರಿಯ ಸಾವು ನಿಶ್ಶಬ್ದವಾದುದು. ಹಸಿರು ದೀಪವು ಉರಿಯುತ್ತಲೇ ಇರುತ್ತದೆ, ಭಾರ ಬಿದ್ದಾಗಲೇ ಸತ್ಯ ತಿಳಿಯುವುದು. ತಂಪುಗೊಳಿಸುವ ಯಂತ್ರಗಳನ್ನೂ ಮರೆಯುವಂತಿಲ್ಲ. ಸರ್ವರುಗಳಿಗೆ ಮಾತ್ರ ಬದಲಿ ವಿದ್ಯುತ್ತಿದ್ದು ಹವಾನಿಯಂತ್ರಕಗಳಿಗೆ ಇಲ್ಲದಿದ್ದರೆ, ತುಂಬಿದ ರ‍್ಯಾಕುಗಳ ಕೋಣೆ ಕೆಲವೇ ನಿಮಿಷಗಳಲ್ಲಿ ಒಲೆಯಂತಾಗಿ ಯಂತ್ರಗಳು ತಾವಾಗಿಯೇ ಆರುತ್ತವೆ.

ಇಷ್ಟೆಲ್ಲ ಏರ್ಪಾಡು ದೊಡ್ಡ ಕಂಪನಿಗಳಿಗೆ ಸರಿ, ತಾಲ್ಲೂಕು ಮಟ್ಟದ ಶಾಲೆಗೋ ಆಸ್ಪತ್ರೆಗೋ ಸಹಕಾರಿ ಬ್ಯಾಂಕಿಗೋ ಇದು ಹೊರೆಯಲ್ಲವೇ ಎಂಬ ಆಕ್ಷೇಪವು ನ್ಯಾಯವಾದುದೇ. ಎಲ್ಲ ಉಪಕರಣಗಳಿಗೂ ಎರಡು ಮಾರ್ಗಗಳು ಬೇಕಾಗಿಲ್ಲ. ಕಂಪ್ಯೂಟರ್ ಪ್ರಯೋಗಾಲಯದ ಮೇಜುಗಳು ಅರ್ಧ ಗಂಟೆ ನಿಂತರೆ ಪಾಠವು ಹಲಗೆಯ ಮೇಲೆ ಮುಂದುವರಿಯುತ್ತದೆ. ಆಸ್ಪತ್ರೆಯ ರೋಗಿಗಳ ದಾಖಲೆ ನಿಲ್ಲಕೂಡದು. ಬ್ಯಾಂಕಿನ ಲೆಕ್ಕ ಅರೆಬರೆಯಾಗಿ ಮುರಿಯಕೂಡದು. ಯಾವುದು ನಿಂತರೆ ಯಾರಿಗೆ ಏನು ಕೇಡು ಎಂಬ ಪಟ್ಟಿಯನ್ನು ಮೊದಲು ಮಾಡಿ, ಇಮ್ಮಡಿಯ ಹಣವನ್ನು ಅಲ್ಲಿಗೆ ಮಾತ್ರ ವಿನಿಯೋಗಿಸುವುದು ವಿವೇಕ. ಒಂದೇ ರ‍್ಯಾಕಿರುವ ಸಂಸ್ಥೆಯು ಒಂದು ದೊಡ್ಡ ಯು.ಪಿ.ಎಸ್.ನ ಬದಲು ಇಡೀ ಭಾರವನ್ನು ಒಂಟಿಯಾಗಿ ಹೊರಬಲ್ಲ ಎರಡು ಸಾಧಾರಣ ಯು.ಪಿ.ಎಸ್.ಗಳನ್ನು ಬೇರೆ ಬೇರೆ ಎಂ.ಸಿ.ಬಿ.ಗಳ ಮೇಲೆ ಇಟ್ಟುಕೊಂಡರೂ ಬಹುದೂರ ಸಾಗಿದಂತೆಯೇ. ಒಂದನ್ನು ರಿಪೇರಿಗೆ ಕಳುಹಿಸಿದ ದಿನವೂ ಕೆಲಸ ನಿಲ್ಲುವುದಿಲ್ಲ.

ಆದರೆ ಇದೆಲ್ಲಕ್ಕೂ ಮಿಗಿಲಾದ ಕೊರತೆ ಬೇರೊಂದಿದೆ. ಜನರೇಟರನ್ನು ಕೊಡುವ ದಾನಿಗಳು ದೊರೆಯುತ್ತಾರೆ, ಯು.ಪಿ.ಎಸ್. ಕೊಡುವವರೂ ದೊರೆಯುತ್ತಾರೆ. ಅವುಗಳ ಮೇಲೆ ನಾಮಫಲಕ ನಿಲ್ಲುತ್ತದೆ, ಉದ್ಘಾಟನೆಯ ಛಾಯಾಚಿತ್ರವೂ ಉಳಿಯುತ್ತದೆ. ನಾಲ್ಕನೆಯ ವರ್ಷದಲ್ಲಿ ಬದಲಿಸಬೇಕಾದ ಬ್ಯಾಟರಿಗಳಿಗೆ ದಾನಿಗಳಿಲ್ಲ. ಪರೀಕ್ಷೆಗಾಗಿ ಸುಡಬೇಕಾದ ಡೀಸೆಲ್ಲಿಗೆ ಲೆಕ್ಕಪತ್ರದಲ್ಲಿ ಶೀರ್ಷಿಕೆಯಿಲ್ಲ. ರಜಾದಿನದಂದು ಬಂದು 'ಎ' ಮಾರ್ಗವನ್ನು ಬೇಕೆಂದೇ ಆರಿಸಿ, ಯಾವುದು ನಿಂತಿತೆಂದು ಬರೆದುಕೊಳ್ಳುವ ನೌಕರನಿಗೆ ಭತ್ಯೆಯಿಲ್ಲ. ಆ ಪರೀಕ್ಷೆಯಿಂದ ಏನಾದರೂ ನಿಂತರೆ ಅವನಿಗೆ ಬೈಗುಳ ಮಾತ್ರ ನಿಶ್ಚಿತ. ಹೀಗಿರುವಾಗ ಯಾರೂ ಪರೀಕ್ಷಿಸುವ ಸಾಹಸಕ್ಕೆ ಕೈಹಾಕದಿರುವುದು ಆಶ್ಚರ್ಯವಲ್ಲ. ಭಾನುವಾರದ ಬೆಳಿಗ್ಗೆ ಎಲ್ಲರಿಗೂ ತಿಳಿಸಿ ಮಾಡಿದ ಪರೀಕ್ಷೆಯಲ್ಲಿ ಸರ್ವರ್ ನಿಂತರೆ ಅದು ಲಾಭ. ಫಲಿತಾಂಶದ ದಿನ ಮಧ್ಯಾಹ್ನ ತಾನಾಗಿ ನಿಂತರೆ ಅದು ನಷ್ಟ. ಈ ವಿವೇಚನೆ ಆಡಳಿತ ಮಂಡಳಿಗಳಲ್ಲಿ ಬೇರೂರಬೇಕು. ಪರೀಕ್ಷೆಯಲ್ಲಿ ದೋಷವನ್ನು ಕಂಡುಹಿಡಿದ ನೌಕರನನ್ನು ದೋಷಿಯೆಂದಲ್ಲ, ಉಪಕಾರಿಯೆಂದು ಕಾಣಬೇಕು.

ಆದುದರಿಂದ ಯಾವುದೇ ಸಂಸ್ಥೆಯು ಎರಡನೆಯ ವಿದ್ಯುತ್ ಮಾರ್ಗಕ್ಕಾಗಿ ದಾನವನ್ನು ಸ್ವೀಕರಿಸುವಾಗ, ಅದರ ಒಂದು ಭಾಗವನ್ನು ಬ್ಯಾಟರಿ ಬದಲಾವಣೆಗೂ ವರ್ಷಕ್ಕೆ ಎರಡು ಬಾರಿಯ ಪೂರ್ಣ ಪರೀಕ್ಷೆಗೂ ಮುಡಿಪಾಗಿಡುವುದು ಉಚಿತ. ದಾನಿಗಳೂ ಇದನ್ನು ಕೇಳಿ ಪಡೆಯಬೇಕು. ಕೊಟ್ಟ ಯಂತ್ರ ಇದೆಯೇ ಎಂದು ವಿಚಾರಿಸುವುದಕ್ಕಿಂತ, ಅದನ್ನು ಕಡೆಯ ಬಾರಿ ಯಾವ ದಿನ ಪರೀಕ್ಷಿಸಲಾಯಿತು, ಆಗ ಏನೇನು ನಿಂತಿತು, ಅದನ್ನು ಯಾರು ಸರಿಪಡಿಸಿದರು ಎಂದು ವಿಚಾರಿಸುವುದು ಹೆಚ್ಚು ಪ್ರಯೋಜನಕರ. ರ‍್ಯಾಕಿನ ಪಕ್ಕದಲ್ಲಿ ದಾರ ಕಟ್ಟಿ ತೂಗಿಬಿಟ್ಟ ಒಂದು ಸಾಮಾನ್ಯ ನೋಟುಪುಸ್ತಕದಲ್ಲಿ ಈ ಮೂರು ಪ್ರಶ್ನೆಗಳಿಗೆ ತಾರೀಖು ಸಹಿತ ಉತ್ತರಗಳಿದ್ದರೆ, ಆ ಸಂಸ್ಥೆಯಲ್ಲಿ ಎರಡನೆಯ ಮಾರ್ಗವಿದೆಯೆಂದು ನಂಬಬಹುದು. ಪುಟಗಳು ಖಾಲಿಯಿದ್ದರೆ, ಗೋಡೆಯ ಮೇಲೆ ಎಷ್ಟು ನಾಮಫಲಕಗಳಿದ್ದರೂ ಅಲ್ಲಿರುವುದು ಒಂದೇ ಮಾರ್ಗ.